ಯುದ್ಧವಿಮಾನದ ಮಾದರಿಗಳನ್ನು ಮನೆಯಲ್ಲಿ ಜೋಡಿಸಿಡುವುದು ಹೇಗೆ? ಅನುಭವ ಇರುವವರು ತಿಳಿಸಿ

ಪ್ರಶ್ನೆ: ಹುಬ್ಬಳ್ಳಿಯವನು, ಈಗ ಬೆಂಗಳೂರು

ಇಪ್ಪತ್ತು ವರ್ಷಗಳಿಂದ ಕೂಡಿಟ್ಟ ಮೂವತ್ತೊಂದು ಮಾದರಿಗಳು ನನ್ನ ಬಳಿ ಇವೆ. ಬೆಂಗಳೂರಿನ ಫ್ಲಾಟ್‌ಗೆ ಬಂದಾಗಿನಿಂದ ಅವು ರಟ್ಟಿನ ಪೆಟ್ಟಿಗೆಗಳಲ್ಲೇ ಉಳಿದಿದ್ದವು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿದ್ದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ, ಎಲ್ಲವನ್ನೂ ಹೊರತೆಗೆದು ಸರಿಯಾಗಿ ಜೋಡಿಸಬೇಕೆಂಬ ಆಸೆ ಬಲವಾಗಿದೆ. ಹಾಲ್‌ನಲ್ಲಿ ಖಾಲಿ ಇರುವುದು ಪಶ್ಚಿಮದ ಕಿಟಕಿಗೆ ಎದುರಾದ ಗೋಡೆ ಒಂದೇ. ಇಪ್ಪತ್ತೈದು ಸಾವಿರ ರೂಪಾಯಿಯೊಳಗೆ ಗಾಜಿನ ಶೋಕೇಸ್ ಮಾಡಿಸಬಹುದೇ? ಮುಂದೆ ಬಿಡಿಭಾಗಗಳ ಕಿಟ್ ತಂದು ಕಟ್ಟುವುದು ಒಳ್ಳೆಯದೋ, ಲೋಹದಲ್ಲಿ ಎರಕ ಹೊಯ್ದ ಸಿದ್ಧ ಮಾದರಿ (ಡೈಕಾಸ್ಟ್) ಕೊಳ್ಳುವುದೋ? ನಿಜ ವಿಮಾನದ 72ರಲ್ಲಿ ಒಂದು ಭಾಗದಷ್ಟಿರುವ 1/72 ಅಳತೆಯಲ್ಲೇ ಮುಂದುವರಿಯಲೇ, ಅದಕ್ಕಿಂತ ದೊಡ್ಡದಾದ 1/48ಕ್ಕೆ ಹೋಗಲೇ?

ಕುಡ್ಲದ ಹಂಟರ್

ಡೈಕಾಸ್ಟ್‌ಗೆ ಹಣ ಹಾಕುವ ಮುನ್ನ ನನಗೆ ಆದದ್ದನ್ನು ಓದಿ. 2014ರಿಂದ 2019ರವರೆಗೆ ನಾನು ಹದಿನಾಲ್ಕು ಲೋಹದ ಮಾದರಿಗಳನ್ನು ತರಿಸಿದೆ. ಮೊದಲನೆಯ ಹಂಟರ್ ಯುದ್ಧವಿಮಾನದ ಮಾದರಿಗೆ 6,800 ರೂಪಾಯಿ, ಕೊನೆಯ ಮಿರಾಜ್ 2000ಕ್ಕೆ 11,400. ಸಾಗಣೆ, ಸುಂಕ ಸೇರಿ ಒಟ್ಟು 1,27,350. ಪ್ರತಿಯೊಂದರ ರಸೀದಿಯೂ ಕಡತದಲ್ಲಿದೆ. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಮೂಲ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ನಮ್ಮ ಮಾದರಿಗಳೂ ಅದೇ ವರ್ಗಕ್ಕೆ ಸೇರುತ್ತವೆ. ಆದ್ದರಿಂದ ಕೊಳ್ಳುವುದು ತಾನಾಗಿಯೇ ನಿಂತಿತು.

2021ರ ಮಳೆಗಾಲದಲ್ಲಿ ಹಂಟರ್‌ನ ಎಡರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿತು. ಬಣ್ಣ ಒಡೆದಿರಬೇಕು ಎಂದುಕೊಂಡೆ. ಆರು ತಿಂಗಳಲ್ಲಿ ಆ ಗೆರೆ ಕವಲೊಡೆಯಿತು, ಅಂಚಿನಿಂದ ಬೂದು ಪುಡಿ ಉದುರತೊಡಗಿತು, ರೆಕ್ಕೆ ಕೆಳಕ್ಕೆ ಬಾಗಿತು. ಒಂದು ದಿನ ಧೂಳು ಒರೆಸುವಾಗ ಅದು ನನ್ನ ಬೆರಳುಗಳ ನಡುವೆಯೇ ಬಿಸ್ಕತ್ತಿನಂತೆ ಮುರಿಯಿತು. ಸತು ಮತ್ತು ಅಲ್ಯೂಮಿನಿಯಂ ಬೆರೆತ ಲೋಹಕ್ಕೆ ಎರಕದ ಹೊತ್ತಿನಲ್ಲಿ ಚೂರು ಸೀಸ ಸೇರಿಕೊಂಡರೂ ಸಾಕು, ಲೋಹದ ಹರಳುಗಳ ಸಂದಿಯಲ್ಲಿ ಸವೆತ ಹುಟ್ಟುತ್ತದೆ. ತೇವ ಹೆಚ್ಚಿರುವಲ್ಲಿ ಅದು ಬೇಗ ಬೆಳೆಯುತ್ತದೆ. ಇದಕ್ಕೆ ಮದ್ದಿಲ್ಲ. ಹದಿನಾಲ್ಕರಲ್ಲಿ ಐದು ಹೀಗೆ ಹೋದವು. ತೇವದಲ್ಲಿ ಇಟ್ಟದ್ದು ನನ್ನ ತಪ್ಪು ಎಂದು ಮಾರಿದ ಅಂಗಡಿಯವರು ಎರಡು ಸಾಲಿನ ಉತ್ತರ ಕಳುಹಿಸಿ ಕೈತೊಳೆದುಕೊಂಡರು. ಸಮುದ್ರದ ಊರಿನಲ್ಲಿ ಹುಟ್ಟಿದ್ದೂ ನನ್ನ ತಪ್ಪೇ?

ಮಲ್ಲೇಶ್ವರದ ಕಿಟ್ ಕಟ್ಟುವವನು

ಹಣ ಕೊಟ್ಟು ತಂದು ನಿಲ್ಲಿಸಿದ್ದನ್ನು ನಾನು ಸಂಗ್ರಹವೆಂದು ಒಪ್ಪುವುದಿಲ್ಲ. ಸ್ವಂತ ಕೈಯಿಂದ ಕಟ್ಟಿದರೆ ಯಾವ ಭಾಗ ಏಕೆ ಹಾಗಿದೆ ಎಂಬುದು ತಿಳಿಯುತ್ತದೆ, ಕೆಟ್ಟರೆ ಸರಿಪಡಿಸಲೂ ಬರುತ್ತದೆ.

ನ್ಯಾಟ್ ಎಂಬ ಸಣ್ಣ ಯುದ್ಧವಿಮಾನದ ನನ್ನ ಮಾದರಿಯ ವಿಷಯ ಹೇಳುತ್ತೇನೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಅದೇ ವಿಮಾನದಲ್ಲಿ ಒಂಟಿಯಾಗಿ ಹೋರಾಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರ ನೆನಪಿಗೆಂದು ಅದನ್ನು ಕಟ್ಟಲು ಕುಳಿತೆ. ಮೊದಲು ಕೈಗೆ ಸಿಕ್ಕ ಕಿಟ್ ಎರಡು ಆಸನದ ತರಬೇತಿ ನ್ಯಾಟ್‌ನದು. ಅದರ ಒಡಲೂ ರೆಕ್ಕೆಯೂ ಯುದ್ಧವಿಮಾನದ್ದಕ್ಕಿಂತ ದೊಡ್ಡವು. 1,650 ರೂಪಾಯಿ ಅಲ್ಲಿಗೆ ಹೋಯಿತು. ಎರಡನೆಯ ಸಲ ಸರಿಯಾದ ಕಿಟ್ ತರಿಸಿದೆ. 1/72ರಲ್ಲಿ ಅದರ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರ್ ಮಾತ್ರ. ಮೂಗಿನಲ್ಲಿ ತೂಕ ಇಡದಿದ್ದರೆ ಬಾಲ ಊರಿ ಕೂರುತ್ತದೆಂದು ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಿ, ಮರಗೆಲಸದ ಬಿಳಿ ಅಂಟು ಸುರಿದೆ. ಮೂರು ವರ್ಷ ಚೆನ್ನಾಗಿತ್ತು. ನಾಲ್ಕನೆಯ ವರ್ಷ ಮೂಗಿನ ಕೂಡುಗೆರೆ ಬಾಯಿ ತೆರೆಯಿತು, ಒಳಗೆ ಸುಣ್ಣದಂಥ ಬಿಳಿ ವಸ್ತು ಉಬ್ಬಿಕೊಂಡಿತ್ತು. ಆ ಅಂಟಿನೊಡನೆ ಸೇರಿ ಸೀಸ ನಿಧಾನವಾಗಿ ಬಿಳಿಯಾಗಿ ಊದಿಕೊಳ್ಳುತ್ತದೆಂದು ಆಮೇಲೆ ತಿಳಿಯಿತು. ಮೂಗನ್ನು ಕತ್ತರಿಸಿ, ಗುಂಡುಗಳನ್ನು ಒಂದೊಂದಾಗಿ ಕೆರೆದು ತೆಗೆದು, ಹೊಸ ತೂಕವನ್ನು ಎಪಾಕ್ಸಿಯಲ್ಲಿ ಕೂರಿಸಿ, ಪುಟ್ಟಿ ಹಚ್ಚಿ, ಮರಳು ಕಾಗದದಿಂದ ಉಜ್ಜಿ ಮತ್ತೆ ಬಣ್ಣ ಹೊಡೆದೆ. ಹತ್ತೊಂಬತ್ತು ಸಂಜೆಗಳು ಹಿಡಿದವು. ಡೈಕಾಸ್ಟ್ ಇಟ್ಟುಕೊಂಡವರಿಗೆ ಕಸದ ಬುಟ್ಟಿಯೇ ಗತಿ.

ಕುಡ್ಲದ ಹಂಟರ್

ಕಸದ ಬುಟ್ಟಿಯ ಮಾತು ಬೇಡ, ಸರ್. ಆ ಐದನ್ನೂ ನಾನು ಇನ್ನೂ ಬಿಸಾಡಿಲ್ಲ. ಕಣ್ಣಿನ ತೊಂದರೆಯಿಂದ ಚಿಕ್ಕ ಭಾಗಗಳನ್ನು ಹಿಡಿದು ಕೂರಿಸಲಾಗದವರಿಗೆ ವಿಮಾನಗಳನ್ನು ಪ್ರೀತಿಸುವ ಹಕ್ಕಿಲ್ಲವೇ?

ಮಡಿಕೇರಿಯ ಮಿಸ್ಟೇರ್

ನನ್ನ ಬಳಿ ಮೂವತ್ತೊಂದಿಲ್ಲ, ಒಂದೇ ಇದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಹಾರಿಸಿದ ಬಗೆಯ ಮಿಸ್ಟೇರ್ ವಿಮಾನ ಅದು. ಶಬ್ದದ ವೇಗಕ್ಕಿಂತ ಕೆಳಗೇ ಹಾರುವ ಆ ವಿಮಾನದಲ್ಲಿ ಅವರು ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಅನ್ನು ಎದುರಿಸಿ ಉರುಳಿಸಿದರು, ಮರಳಿ ಬರಲಿಲ್ಲ. ಮಹಾವೀರ ಚಕ್ರ ಸಂದದ್ದು 1988ರಲ್ಲಿ. ನಮ್ಮ ಮನೆಯಲ್ಲಿ ಈ ಕಥೆಯನ್ನು ಮಾವ ಹೇಳುತ್ತಿದ್ದರು, ಅವರಿಗಾಗಿಯೇ ಇದನ್ನು ಕಟ್ಟಿದೆ.

ಕಿಟ್ ಹಳೆಯದು, ಗುರುತುಗಳನ್ನು ಅಂಟಿಸುವ ಡಿಕಾಲ್ ಹಾಳೆ ಹಳದಿ ತಿರುಗಿತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲು ತಾಗಿಸಿದರೆ ಬಿಳಿಯಾಗುತ್ತದೆ ಎಂದು ಕೆಲವರು ಹೇಳಿದರು. ಮಡಿಕೇರಿಯಲ್ಲಿ ಜುಲೈ ತಿಂಗಳಲ್ಲಿ ಬಿಸಿಲನ್ನು ಎಲ್ಲಿಂದ ತರಲಿ? ಡಿಸೆಂಬರ್‌ವರೆಗೆ ಕಾದೆ. ಎರಡನೆಯ ತಪ್ಪು ನನ್ನದೇ: ಮ್ಯಾಟ್ ಬಣ್ಣದ ಮೇಲೆ ಹೊಳಪಿನ ವಾರ್ನಿಷ್ ಹೊಡೆಯದೆ ಡಿಕಾಲ್ ಕೂರಿಸಿದೆ. ಒರಟು ಮೈಯ ಸಂದಿನಲ್ಲಿ ಗಾಳಿ ಸಿಕ್ಕಿಕೊಂಡು, ಕೇಸರಿ-ಬಿಳಿ-ಹಸಿರು ಚಕ್ರದ ಸುತ್ತ ಮೀನಿನ ಪೊರೆಯಂತೆ ಬೆಳ್ಳಿಯ ಹೊಳಪು ಎದ್ದಿತು. ಟೇಪ್ ಹಚ್ಚಿ ಕಿತ್ತೆ, ಬಣ್ಣವೂ ಜೊತೆಗೇ ಬಂತು. ಮಾವ ತೀರಿಕೊಂಡ ಹದಿನಾಲ್ಕನೆಯ ದಿನಕ್ಕೆ ಅದು ಮುಗಿಯಿತು. ಅವರು ಅದನ್ನು ಪೂರ್ತಿಯಾಗಿ ನೋಡಲಿಲ್ಲ.

ಈಗ ಅದು ಗಾಜಿನ ಚಿಕ್ಕ ಪೆಟ್ಟಿಗೆಯಲ್ಲಿ, ತೇವ ಹೀರುವ ನೀಲಿ ಸಿಲಿಕಾ ಜೆಲ್‌ನ ಜೊತೆ ಇದೆ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ಓವನ್‌ನಲ್ಲಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ಒಂಬತ್ತು ದಿನಕ್ಕೊಮ್ಮೆ. ಮರೆತ ವರ್ಷ ರೆಕ್ಕೆಯ ಮೇಲೆ ಬೂಷ್ಟು ಬಂದಿತ್ತು.

ಧಾರವಾಡದ ಶೋಕೇಸ್

ಮೂಲ ಪ್ರಶ್ನೆ ಶೋಕೇಸಿನದು ಎಂಬುದನ್ನು ಎಲ್ಲರೂ ಮರೆತಂತಿದೆ. ನಾನು ಎರಡು ಸಲ ಮಾಡಿಸಿದ್ದೇನೆ. ಮೊದಲನೆಯದು ಪ್ಲೈವುಡ್, ಲ್ಯಾಮಿನೇಟ್, ಒಳಗೆ ದೀಪ: 38,000 ರೂಪಾಯಿ. ಬಡಗಿ ಹೇಳಿದ ದಿನಕ್ಕೆ ಎರಡು ತಿಂಗಳು ತಡ ಮಾಡಿದ. ಕಪಾಟಿನ ಆಳ 25 ಸೆಂಟಿಮೀಟರ್ ಸಾಕೆಂದು ನಾನೇ ಹೇಳಿದ್ದೆ. 1/48ರ ಸುಖೋಯ್-30 ಬಂದಾಗ ಅಳೆದರೆ ಉದ್ದ 45.7, ರೆಕ್ಕೆಯಗಲ 30.6 ಸೆಂಟಿಮೀಟರ್. ಹೇಗೆ ತಿರುಗಿಸಿದರೂ ಬಾಗಿಲು ಮುಚ್ಚಲಿಲ್ಲ. ಅದೇ ವಿಮಾನ 1/72ರಲ್ಲಿ 30.5 ಸೆಂಟಿಮೀಟರ್ ಉದ್ದ ಇರುತ್ತದೆ. ಅಂದಿನಿಂದ 1/48ರ ಕಡೆ ತಿರುಗಿಯೂ ನೋಡಿಲ್ಲ.

ಇನ್ನೊಂದು ಮಾತು. ಹೊಸ ಪ್ಲೈವುಡ್ ಮತ್ತು ಅದರ ಅಂಟು ಆಮ್ಲದ ಆವಿಯನ್ನು ಬಿಡುತ್ತಲೇ ಇರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸೀಸ, ಸತು ಇವಕ್ಕೆ ಅದು ಒಳ್ಳೆಯದಲ್ಲ. ವಸ್ತುಸಂಗ್ರಹಾಲಯದವರು ಮರದ ಕಪಾಟನ್ನು ಕಂಡು ಹೆದರುವುದು ಇದಕ್ಕೇ. ಮಂಗಳೂರಿನವರ ಹಂಟರ್ ಯಾವ ಕಪಾಟಿನಲ್ಲಿತ್ತು?

ಕುಡ್ಲದ ಹಂಟರ್

ಪ್ಲೈವುಡ್ ಕಪಾಟಿನಲ್ಲೇ ಇತ್ತು. ಆದರೆ ಅದೇ ಹಲಗೆಯ ಮೇಲೆ, ಅದೇ ವರ್ಷಗಳಲ್ಲಿ ಕೊಂಡ ಉಳಿದ ಒಂಬತ್ತು ಮಾದರಿಗಳಿಗೆ ಒಂದು ಗೀರೂ ಬಿದ್ದಿಲ್ಲ. ತಪ್ಪು ಎರಕದ್ದು. ಅದನ್ನು ನನ್ನ ಕಪಾಟಿನ ತಲೆಗೆ ಕಟ್ಟಬೇಡಿ.

ಮಲ್ಲೇಶ್ವರದ ಕಿಟ್ ಕಟ್ಟುವವನು

ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ. ಜಾಗ ಕಡಿಮೆ ಇದ್ದರೆ ಗೆದ್ದ ವಿಮಾನಗಳಿಗೆ ಮಾತ್ರ ಕೊಡಿ. ಮಾರುತ್‌ನಂಥ ವಿಫಲ ವಿಮಾನಗಳಿಗೆ ಕಪಾಟು ತುಂಬಿಸಬೇಡಿ.

ವಿಮಾನಪುರದ ಮಾರುತ್

ಈ ಮಾತನ್ನು ಹಾಗೆಯೇ ಬಿಟ್ಟು ಹೋಗಲು ನನ್ನಿಂದ ಆಗದು. ನನ್ನ ತಂದೆ ಎಚ್‌ಎಎಲ್‌ನಲ್ಲಿ ಮಾರುತ್‌ನ ಒಡಲಿಗೆ ರಿವೆಟ್ ಹೊಡೆದವರು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ವಿನ್ಯಾಸದ ಆ ವಿಮಾನ 1961ರ ಜೂನ್ 17ರಂದು ಇದೇ ಬೆಂಗಳೂರಿನ ಆಕಾಶಕ್ಕೆ ಏರಿತು. ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿಯಲ್ಲಿ ಮಾರುತ್‌ನಲ್ಲೇ ಪ್ರಾಣ ಕೊಟ್ಟರು. ಯೋಚಿಸಿದ್ದಷ್ಟು ವೇಗವನ್ನು ಅದು ಮುಟ್ಟಲಿಲ್ಲವೆಂಬುದು ನಿಜ. ಅದಕ್ಕೆಂದು ಯೋಚಿಸಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ಸಿಗಲೇ ಇಲ್ಲ, ಎರಡು ಸಾಧಾರಣ ಆರ್ಫಿಯಸ್ 703 ಎಂಜಿನ್‌ಗಳ ಮೇಲೆ ಹಾರಬೇಕಾಯಿತು. ಎಂಜಿನ್ ಕೊಡದವರ ತಪ್ಪಿಗೆ ಒಡಲು ಕಟ್ಟಿದವರನ್ನು ವಿಫಲರೆನ್ನುವಿರಾ? 1971ರಲ್ಲಿ ಪೆಟ್ಟು ತಿಂದು ಒಂದೇ ಎಂಜಿನ್ ಮೇಲೆ ನೆಲೆಗೆ ಮರಳಿದ ಮಾರುತ್‌ಗಳಿವೆ.

ನನ್ನ ಮಾದರಿ ರೆಸಿನ್ ಕಿಟ್. ಹೊರದೇಶದಿಂದ ಬರುವಷ್ಟರಲ್ಲಿ 9,240 ರೂಪಾಯಿ ಖರ್ಚಾಗಿತ್ತು, ಬಲರೆಕ್ಕೆ ಸೊಟ್ಟಗಾಗಿತ್ತು. ಬಿಸಿನೀರಿನಲ್ಲಿ ಅದ್ದಿ, ಗಾಜಿನ ಮೇಲೆ ಒತ್ತಿ ಹಿಡಿದು, ತಣ್ಣೀರಿಗೆ ಹಾಕಿ ನೇರ ಮಾಡಿದೆ. ಮರುದಿನ ಮತ್ತೆ ಬಾಗಿತ್ತು. ಕೊನೆಗೆ ಹಿತ್ತಾಳೆಯ ತಂತಿ ಪೋಣಿಸಿದೆ. ಮೂಗಿನ ಪಕ್ಕದ ಗಾಳಿಬಾಯಿಗಳ ಆಕಾರ ತಪ್ಪಾಗಿದೆಯೆಂಬ ಅನುಮಾನ ಬಂದು, ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ನಾಲ್ಕು ಭಾನುವಾರ ಹೋಗಿ ಅಲ್ಲಿ ನಿಂತಿರುವ ಮಾರುತ್‌ನ ಮುಂದೆ ಕೂತು ಚಿತ್ರ ಬರೆದುಕೊಂಡೆ. ಮೂರನೆಯ ಭಾನುವಾರ ತಂದೆಯವರನ್ನು ಕರೆದುಕೊಂಡು ಹೋದೆ. ಅವರು ಏನೂ ಮಾತಾಡಲಿಲ್ಲ. ಒಡಲಿನ ಕೆಳಭಾಗದ ರಿವೆಟ್ ಸಾಲನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ಮಲ್ಲೇಶ್ವರದ ಕಿಟ್ ಕಟ್ಟುವವನು

ತಮ್ಮ ತಂದೆಯವರ ಬಗ್ಗೆ ಗೌರವವಿದೆ. ಎಂಜಿನ್ ಇಲ್ಲದೆ ವಿಮಾನ ಪೂರ್ಣವಾಗುವುದಿಲ್ಲ ಎಂಬ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ವಿಮಾನಪುರದ ಮಾರುತ್

ಹಾಗಾದರೆ ತಮ್ಮ ನ್ಯಾಟ್‌ನೊಳಗೂ ಒಂದು ಆರ್ಫಿಯಸ್ಸೇ ಇದೆ ಎಂಬುದನ್ನು ನೆನಪಿಡಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ವಂದನೆಗಳು. ನಿನ್ನೆ ಪೆಟ್ಟಿಗೆಗಳನ್ನು ಬಿಚ್ಚಿದೆ. ಹಳೆಯ ಕ್ಯಾನ್‌ಬೆರಾ ಕಿಟ್‌ನ ಮೆದು ರಬ್ಬರಿನ ಟೈರುಗಳು ಪ್ಲಾಸ್ಟಿಕ್ ಗಾಲಿಗಳನ್ನು ಕರಗಿಸಿ ಅಂಟಿನಂತೆ ಹಿಡಿದಿವೆ. ಪಶ್ಚಿಮದ ಬಿಸಿಲು ಬೀಳುವ ಗೋಡೆಯನ್ನು ಕೈಬಿಟ್ಟು ಕಾರಿಡಾರ್ ಅಳೆದೆ. ಅಲ್ಲಿ ಕಪಾಟಿನ ಆಳ 35 ಸೆಂಟಿಮೀಟರ್ ಇಟ್ಟರೆ ಮಲಗುವ ಕೋಣೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ, 28ಕ್ಕೆ ಒಪ್ಪಿಕೊಳ್ಳಬೇಕು. ಅಲ್ಯೂಮಿನಿಯಂ ಚೌಕಟ್ಟು ಮತ್ತು ಗಾಜಿಗೆ 22,500 ಹೇಳಿದ್ದಾರೆ. ಆದ್ದರಿಂದ 1/72 ಎಂಬುದು ನಿರ್ಧಾರವಾಯಿತು. ಸುಖೋಯ್ ಓರೆಯಾಗಿ ನಿಲ್ಲುತ್ತದೆ. ಡೈಕಾಸ್ಟ್ ಹಂಟರ್‌ಗಳು ನನ್ನಲ್ಲೂ ಎರಡಿವೆ. ಒಂದರ ರೆಕ್ಕೆಯ ಬುಡದಲ್ಲಿ ಗೆರೆ ಇದೆ. ತಗಡುಗಳ ಕೂಡಿಕೆಯನ್ನು ತೋರಿಸುವ ಪ್ಯಾನೆಲ್ ಗೆರೆಯೋ ಬಿರುಕೋ ತಿಳಿಯದೆ ಚಿತ್ರ ಹಾಕಿದ್ದೇನೆ.

ಕುಡ್ಲದ ಹಂಟರ್

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಪ್ಯಾನೆಲ್ ಗೆರೆ ಅಡ್ಡಪಟ್ಟಿ ಇಟ್ಟು ಎಳೆದಂತೆ ನೇರವಾಗಿರುತ್ತದೆ, ಎರಡೂ ರೆಕ್ಕೆಗಳಲ್ಲಿ ಒಂದೇ ಜಾಗದಲ್ಲಿರುತ್ತದೆ. ನಿಮ್ಮದು ಎಡಗಡೆ ಮಾತ್ರ ಇದೆ, ತುದಿಯಲ್ಲಿ ಕವಲೊಡೆದಿದೆ. ಅದು ಬಿರುಕೇ. ಪಕ್ಕದ ಮಾದರಿಗಳಿಗೆ ಹರಡುವ ರೋಗವಲ್ಲ, ಗಾಬರಿಯಾಗಬೇಡಿ. ಆದರೆ ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿಡಿ, ಹೊಟ್ಟೆಯ ಕೆಳಗೆ ಸ್ಪಂಜಿನ ಆಸರೆ ಕೊಡಿ, ರೆಕ್ಕೆ ಹಿಡಿದು ಎತ್ತಲೇಬೇಡಿ.