ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ವಿಡಿಯೊಗಳಲ್ಲಿ ನೋಡಬೇಕಾದದ್ದೇನು?

ಪ್ರಶ್ನೆ: ಈ ವಿಡಿಯೊಗಳಲ್ಲಿ ಅನೇಕ ಸಲ ಸಂಗೀತಗಾರರ ಮುಖವೇ ಕಾಣುವುದಿಲ್ಲ. ಸಾಹಿತ್ಯವೂ ಇಲ್ಲದಿದ್ದಾಗ ದೃಶ್ಯಗಳನ್ನು ಯಾವ ಆಧಾರದ ಮೇಲೆ ಹೆಣೆಯುತ್ತಾರೆ? ಇವುಗಳ ನೋಡುಗರು ಯಾರು?

ಉತ್ತರ 1: ಅಲ್ಲಿ ತಾಳವೇ ಚಿತ್ರಕಥೆ. ಡಾಫ್ಟ್ ಪಂಕ್ ಜೋಡಿಯ 1997ರ ‘ಅರೌಂಡ್ ದ ವರ್ಲ್ಡ್’ ವಿಡಿಯೊದಲ್ಲಿ ನಿರ್ದೇಶಕ ಮಿಷೆಲ್ ಗಾಂಡ್ರಿ ಒಂದೊಂದು ವಾದ್ಯಕ್ಕೆ ಒಂದೊಂದು ನರ್ತಕರ ಗುಂಪನ್ನು ಕೊಟ್ಟಿದ್ದಾರೆ: ಬೇಸ್ ಗಿಟಾರಿನ ಸ್ವರ ಏರಿಳಿದಂತೆ ಕ್ರೀಡಾಪಟುಗಳು ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಡ್ರಮ್ ಯಂತ್ರಕ್ಕೆ ಮಮ್ಮಿಗಳೂ (ಬಟ್ಟೆ ಸುತ್ತಿದ ಪ್ರಾಚೀನ ಶವಗಳ ವೇಷದವರು) ಯಾಂತ್ರಿಕ ಕಂಠಕ್ಕೆ ರೋಬಾಟುಗಳೂ ಹೆಜ್ಜೆ ಹಾಕುತ್ತವೆ. ಕಿವಿಗೆ ಒಟ್ಟಾಗಿ ಕೇಳುವ ನಾದ ಕಣ್ಣಿಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ.

ಉತ್ತರ 2: ಕೆಮಿಕಲ್ ಬ್ರದರ್ಸ್ ತಂಡಕ್ಕೆ ಅದೇ ನಿರ್ದೇಶಕರು ಮಾಡಿಕೊಟ್ಟ ‘ಸ್ಟಾರ್ ಗಿಟಾರ್’ ನನಗೆ ಇನ್ನೂ ಮೇಲೆಂದು ತೋರುತ್ತದೆ. ರೈಲಿನ ಕಿಟಕಿಯಾಚೆ ಕಂಬ, ಸೇತುವೆ, ಕಟ್ಟಡಗಳು ತಾಳಕ್ಕೆ ಸರಿಯಾಗಿ ಹಾದುಹೋಗುತ್ತವೆ, ಅಷ್ಟೆ. ಮೊದಲ ಸಲ ನೋಡಿದಾಗ ಈ ಹೊಂದಿಕೆ ನನ್ನ ಗಮನಕ್ಕೇ ಬಂದಿರಲಿಲ್ಲ!

ಉತ್ತರ 3: ನೋಡುಗರ ವಿಚಾರಕ್ಕೆ ಬಂದರೆ, ತೊಂಬತ್ತರ ದಶಕದಲ್ಲಿ ಎಂಟಿವಿ ಇಂಥವನ್ನು ‘ಆಂಪ್’ ಕಾರ್ಯಕ್ರಮದಲ್ಲಿ ತಡರಾತ್ರಿ ತೋರಿಸುತ್ತಿತ್ತು; ನಿದ್ದೆಗೆಟ್ಟು ಕಾಯುವ ಆಸಕ್ತರೇ ಅದರ ಬಳಗ. ಈಗ ಬೆಲ್ಜಿಯಂನ ಟುಮಾರೋಲ್ಯಾಂಡ್ ಉತ್ಸವದ ವಿಡಿಯೊಗಳಲ್ಲಿ ಕುಣಿಯುವ ಜನಸಮೂಹವೇ ನಾಯಕ. ಅವು ಮುಂದಿನ ವರ್ಷದ ಟಿಕೆಟ್ ಕೊಳ್ಳಬಹುದಾದವರನ್ನು ಉದ್ದೇಶಿಸಿದವು ಎಂಬುದು ನನ್ನ ಅಭಿಪ್ರಾಯ.