ಉದುರುವ ಕೂದಲು ಎಣಿಸುವುದಾ, ಎಳೆಯ ದಪ್ಪ ನೋಡುವುದಾ?

ಪ್ರಶ್ನೆ:
ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಅಂತ ಎಲ್ಲ ಕಡೆ ಬರೆದಿರುತ್ತೆ. ಆದರೆ ಬಾಚಣಿಗೆಯಲ್ಲಿ ಅಷ್ಟೇನೂ ಸಿಗದವರಿಗೂ ನೆತ್ತಿ ಕಾಣತೊಡಗುತ್ತೆ. ಹಿಡಿ ಹಿಡಿ ಉದುರಿದವರಿಗೆ ಮತ್ತೆ ತುಂಬಿಕೊಳ್ಳುತ್ತೆ. ಯಾವುದು ತಾನಾಗಿ ನಿಲ್ಲುತ್ತೆ, ಯಾವುದು ಮುಂದುವರಿಯುತ್ತೆ ಅಂತ ಮನೆಯಲ್ಲೇ ಗುರುತಿಸಬಹುದಾ?

ಉತ್ತರ 1:
ಎರಡೂ ಬೇರೆ ಬೇರೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತೆ. ಒಂದೊಂದೂ 2ರಿಂದ 6 ವರ್ಷ ಬೆಳೆದು, ಎರಡು-ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಮೂರು ತಿಂಗಳ ಹತ್ತಿರ ಸುಮ್ಮನೆ ಕೂತಿದ್ದು ಬೀಳುತ್ತೆ. ಜೋರು ಜ್ವರ, ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು ಇಂಥವು ಆದಾಗ ಬೆಳೆಯುತ್ತಿದ್ದ ಕೂದಲು ಬಹಳಷ್ಟು ಒಟ್ಟಿಗೇ ಆ ಸುಮ್ಮನಿರುವ ಹಂತಕ್ಕೆ ಹೋಗಿಬಿಡುತ್ತೆ. ಬೀಳುವುದು ಎರಡು-ಮೂರು ತಿಂಗಳಾದ ಮೇಲೆ. ಅಷ್ಟೊತ್ತಿಗೆ ಜ್ವರ ಮರೆತಿರುತ್ತೆ, ಹೋದ ವಾರ ಬದಲಿಸಿದ ಶಾಂಪೂ ಬೈಸಿಕೊಳ್ಳುತ್ತೆ! ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತಾರೆ. ಕಾರಣ ಹೋದರೆ ಸಾಮಾನ್ಯವಾಗಿ 6 ತಿಂಗಳೊಳಗೆ ತಗ್ಗುತ್ತೆ.

ಬಿದ್ದ ಕೂದಲ ಬುಡದಲ್ಲಿ ಗುಂಡುಸೂಜಿ ತಲೆಯಂಥ ಬಿಳಿ ಗಂಟು ಕಂಡರೆ ಬೇರೇ ಕಿತ್ತುಬಂತು ಅಂತ ಹೆದರಬೇಡಿ. ಸರದಿ ಮುಗಿಸಿದ ಕೂದಲು ಹಾಗೇ ಇರುತ್ತೆ, ಕೂದಲು ಹುಟ್ಟುವ ಕೋಶ ಚರ್ಮದೊಳಗೇ ಉಳಿದಿರುತ್ತೆ.

ತಲೆ ತೊಳೆದು ಒಂದು ದಿನ ಬಿಟ್ಟು 50-60 ಕೂದಲನ್ನು ಬುಡದ ಹತ್ತಿರ ಹಿಡಿದು ತುದಿವರೆಗೆ ಮೆಲ್ಲಗೆ ಎಳೆಯಿರಿ. ಆರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರುವಿಕೆ ಚುರುಕಾಗಿದೆ.

ಉತ್ತರ 2:
ವಂಶಪಾರಂಪರ್ಯದ ಬೋಳಿನಲ್ಲಿ ಆ ಎಳೆಯುವ ಪರೀಕ್ಷೆ ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನಾಗಿ ಬದಲಿಸುತ್ತೆ. ಅದು ಒಗ್ಗದ ಕೋಶಗಳಿಗೆ ಪ್ರತಿ ಸುತ್ತಿನಲ್ಲೂ ಬೆಳೆಯುವ ಅವಧಿ ಮೊಟಕಾಗುತ್ತೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಮೂರು ವರ್ಷ ಸಿಕ್ಕರೆ 36 ಸೆಂ.ಮೀ., ಆರೇ ತಿಂಗಳು ಸಿಕ್ಕರೆ 6. ಜೊತೆಗೆ ಕೋಶ ಕುಗ್ಗಿ ಎಳೆ ಸಣಕಲಾಗುತ್ತ, ಕೊನೆಗೆ ಕೆನ್ನೆಯ ಮೇಲಿನ ನವಿರಿನಷ್ಟಾಗುತ್ತೆ.

ಗಂಡಸರಲ್ಲಿ ಹಣೆಯ ಮೂಲೆಗಳು, ನೆತ್ತಿಯ ಸುಳಿ, ಆಮೇಲೆ ಎರಡೂ ಕೂಡಿಕೊಳ್ಳುತ್ತವೆ. ನಾರ್ವುಡ್ ಅಳತೆಯಲ್ಲಿ ಇದಕ್ಕೆ 7 ಹಂತ. ಹೆಂಗಸರಲ್ಲಿ ಮುಂಗೂದಲ ಗೆರೆ ಸಾಮಾನ್ಯವಾಗಿ ಹಾಗೇ ಇದ್ದು ಬೈತಲೆ ಅಗಲವಾಗುತ್ತೆ. ಲುಡ್ವಿಗ್ ಅಳತೆಯಲ್ಲಿ 3 ಹಂತ.

ಬೈತಲೆ ತೆಗೆದು ಪಕ್ಕಕ್ಕೆ ಬಿಳಿ ಕಾಗದ ಹಿಡಿಯಿರಿ. ಒಂದೇ ಜಾಗದಲ್ಲಿ ದಪ್ಪ ಎಳೆ, ನೂಲಿನಂಥ ಎಳೆ ಬೆರೆತಿದ್ದರೆ ಇದೇ ಇರಬಹುದು. ಮೂರು ತಿಂಗಳಿಗೊಮ್ಮೆ ಅದೇ ಬೆಳಕಲ್ಲಿ, ಅಷ್ಟೇ ದೂರದಿಂದ ಫೋಟೋ ತೆಗೆದಿಡಿ. ದಿನಾ ಎಣಿಸಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಅದು ಮೇಲು.

ಉತ್ತರ 3:
ಇಬ್ಬರೂ ಹೇಳಿದ್ದು ಒಂದೇ ತಲೆಯಲ್ಲಿ ಒಟ್ಟಿಗೇ ಇರಬಹುದು, ಅದನ್ನು ಮರೆಯಬೇಡಿ. ರಕ್ತಪರೀಕ್ಷೆ ಅಂದರೆ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಲ್ಯಾಬಿನಲ್ಲಿ ಮೊದಲೇ ಹೇಳಿ, ಥೈರಾಯ್ಡ್ ರಿಪೋರ್ಟು ತಪ್ಪಾಗಿ ಬರಬಹುದು.

ನಾಣ್ಯದಷ್ಟು ದುಂಡಗೆ ಖಾಲಿಯಾದರೆ ಅಲೋಪೇಶಿಯಾ ಏರಿಯೇಟಾ ಇರಬಹುದು, ಅದರ ದಾರಿಯೇ ಬೇರೆ. ಚರ್ಮ ನುಣ್ಣಗೆ ಹೊಳೆದು ಕೂದಲ ರಂಧ್ರಗಳೇ ಕಾಣದಿದ್ದರೆ, ಉರಿ-ನೋವು ಇದ್ದರೆ, ಕಾಯಬೇಡಿ. ಕಲೆ ಕಟ್ಟಿ ಹೋದ ಕೋಶ ಮರಳುವುದಿಲ್ಲ. ಕೂಡಲೇ ಚರ್ಮವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು:
ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಮದ್ದು ಶುರು ಮಾಡಿದರೆ ಉದುರುವುದು ಇನ್ನೂ ಜಾಸ್ತಿ ಆಗುತ್ತಂತಲ್ಲ, ಆಗ ನಿಲ್ಲಿಸಬೇಕಾ?

ಉತ್ತರ 2:
ಅಷ್ಟಕ್ಕೇ ನಿಲ್ಲಿಸಬೇಡಿ. ಮೊದಲ ಕೆಲವು ವಾರ ಹಳೆ ಕೂದಲು ಜಾಗ ಬಿಡುತ್ತೆ. ಗಂಡಸರಿಗೆ 5% ದ್ರಾವಣ ಸಾಮಾನ್ಯವಾಗಿ ಒಂದು ಸಲಕ್ಕೆ 1 ಮಿ.ಲೀ., ದಿನಕ್ಕೆರಡು ಸಲ. ಹೆಚ್ಚಿನವರು ತಪ್ಪುವುದು ಹಚ್ಚುವುದರಲ್ಲೇ: ಮೇಲಿನಿಂದ ಸುರಿದರೆ ಮದ್ದು ಕೂದಲಿಗೇ ಅಂಟಿ ಒಣಗುತ್ತೆ. ಒಣ ತಲೆಯಲ್ಲಿ ಬೈತಲೆ ತೆಗೆದು ಚರ್ಮಕ್ಕೆ ಹನಿಸಿ, ಕೈ ತೊಳೆದುಕೊಳ್ಳಿ, ನಾಲ್ಕು ಗಂಟೆ ತಲೆ ನೆನೆಸಬೇಡಿ. ನಾಲ್ಕು ತಿಂಗಳಿಗೆ ಮುಂಚೆ ಫಲ ಹುಡುಕಬೇಡಿ. ಬಿಟ್ಟರೆ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತೆ. ಎದೆಬಡಿತ ಹೆಚ್ಚಾದರೆ, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಬಸುರಿಯರು, ಬಾಣಂತಿಯರು ಹಚ್ಚುವುದು ಬೇಡ.