ಹಿಮನದಿ ‘ಈಯುತ್ತದೆ’ ಅನ್ನಬಹುದಾ? ಇಲ್ಲ ‘ಜರಿಯುತ್ತದೆ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಇದ್ದವನು ನಾನು. ಇವತ್ತು ಒಂದು ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಒಂದೇ ಅಂದುಕೊಂಡು ಬರೆಯಲು ಕೂತೆ, ಬರೆಯುತ್ತಾ ನಾಲ್ಕಾಯಿತು.

ಹೋದ ವರ್ಷ ಜುಲೈಯಲ್ಲಿ ಸ್ವಾಲ್ಬಾರ್ಡ್‌ಗೆ ಹೋಗಿದ್ದೆ. ನಾರ್ವೆ ದೇಶದ ನೆತ್ತಿಯಿಂದಲೂ ಎಷ್ಟೋ ಮೇಲೆ, ಉತ್ತರ ಧ್ರುವದಿಂದ ಸಾವಿರದ ಮುನ್ನೂರು ಕಿ.ಮೀ. ಆಸುಪಾಸಿನಲ್ಲಿರುವ ದ್ವೀಪಗಳು ಅವು. ಅರ್ಧಕ್ಕಿಂತ ಜಾಸ್ತಿ ನೆಲ ಹಿಮನದಿಯ ಅಡಿಯಲ್ಲೇ ಇದೆ. ಹತ್ತು ದಿನ ಸಣ್ಣ ಹಡಗಿನಲ್ಲಿ ಸುತ್ತಿ ಕಡಲಹಕ್ಕಿಗಳ, ಹಿಮನದಿಗಳ ಫೋಟೊ ತೆಗೆದೆ. ಆಗ ಅಲ್ಲಿ ರಾತ್ರಿ ಅನ್ನುವುದೇ ಇಲ್ಲ, ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಸೂರ್ಯ ಮುಳುಗುವುದಿಲ್ಲ. ಹಾಗಾಗಿ ನಿದ್ದೆಯೂ ಇಲ್ಲ. ಈಗ ನಲವತ್ತು ಫೋಟೊ ಆರಿಸಿ ಸಾಗರದ ಹತ್ತಿರ ನಮ್ಮೂರ ಶಾಲೆಯಲ್ಲಿ ತೂಗುಹಾಕುವ ಯೋಚನೆ. ಒಂದೊಂದರ ಕೆಳಗೂ ಎರಡು ಸಾಲು ಕನ್ನಡ. ಮೈ ನಡುಗಿಸುವ ಗಾಳಿಯಲ್ಲಿ ನಿಂತು ಫೋಟೊ ತೆಗೆದಾಗಲೂ ಇಷ್ಟು ಕಷ್ಟ ಆಗಿರಲಿಲ್ಲ.

ಮುಖ್ಯ ಪ್ರಶ್ನೆ ಇದು. ಹಿಮನದಿ ಇಳಿದು ಬಂದು ಕಡಲಿಗೆ ಸೇರುವ ಕಡೆ ಅದರ ತುದಿ ಐದಾರು ಮಹಡಿ ಎತ್ತರದ ಗೋಡೆಯ ಹಾಗೆ ನಿಂತಿರುತ್ತದೆ. ಹಿಂದಿನಿಂದ ತಳ್ಳು, ಕೆಳಗಿನಿಂದ ಕಡಲ ನೀರು ಕೊರೆತ. ಇದ್ದಕ್ಕಿದ್ದ ಹಾಗೆ ಒಂದು ಭಾಗ ಕಳಚಿಕೊಂಡು ನೀರಿಗೆ ಬೀಳುತ್ತದೆ, ತೇಲುವ ಗುಡ್ಡವಾಗಿ ಹೊರಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕಾವಿಂಗ್ ಅನ್ನುತ್ತಾರೆ, ಅಂದರೆ ಕರು ಹಾಕುವುದು. ನಾರ್ವೆಯವರೂ ಅಷ್ಟೇ, ಹಸುವಿಗೂ ಹಿಮನದಿಗೂ ಒಂದೇ ಮಾತು. ನಾವು ಏನನ್ನಬೇಕು?

ಕನ್ನಡ ಮೇಷ್ಟರೊಬ್ಬರನ್ನು ಕೇಳಿದೆ, ‘ಹಿಮಖಂಡ ವಿಭಜನೆ’ ಎಂದು ಬರೆದುಕೊಟ್ಟರು. ಅವರ ಮೇಲೆ ಗೌರವ ಇದೆ. ಆದರೆ ಇದನ್ನು ಓದಿದರೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ಕೇಳುತ್ತದೆ. ಆ ಸದ್ದು, ಆ ಅಲೆ, ಆ ಗಾಬರಿ ಯಾವುದೂ ಆ ಪದದಲ್ಲಿಲ್ಲ.

ಆಮೇಲೆ ಹೊಳೆದದ್ದು ‘ಈಯು’. ಎಮ್ಮೆ ಈಯಿತು ಅನ್ನುತ್ತೇವಲ್ಲ, ಅದು. ಚಿಕ್ಕ ಪದ, ಬಾಯಿಗೂ ಸುಲಭ. ಬರೀ ದನಕರುವಿಗೆ ಮೀಸಲಾದದ್ದೂ ಅಲ್ಲ, ಹಳಬರು ಪೈರಿಗೂ ಬಾಳೆಗೂ ಈ ಮಾತು ಆಡುತ್ತಿದ್ದರು. ಜೀವ ಇರುವ ಪ್ರಾಣಿಯೇ ಆಗಬೇಕು ಅಂತೇನಿಲ್ಲ ಅಂದ ಹಾಗಾಯಿತು. ಸ್ವಾಲ್ಬಾರ್ಡಿನ ಒಂದು ಹಿಮನದಿಯ ಫೋಟೊ ಕೆಳಗೆ ‘ಮೊನಾಕೋ ಹಿಮನದಿ ಈಯುತ್ತಿರುವುದು’ ಎಂದು ಬರೆದು ನೋಡಿದೆ. ಎರಡು ದಿನ ಖುಷಿಯಲ್ಲಿದ್ದೆ. ಮೂರನೇ ದಿನ ಅಕ್ಕನ ಮಗನಿಗೆ ಓದಿ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ನೀನು ಹಿಮನದೀನೇ ಈಯಿಸ್ತೀಯಲ್ಲೋ ಮಾಮ’ ಅಂದ. ಗಾದೆ ಅಡ್ಡ ಬಂದರೆ ಪದ ಉಳಿಯುವುದು ಕಷ್ಟ.

ಮೂರನೆಯದು ನಮ್ಮ ಚಿಕ್ಕಮ್ಮ ಕೊಟ್ಟ ಪದ. ಅವರಿಗೆ ಎಪ್ಪತ್ತೈದು, ಹಿಮ ಕಂಡವರಲ್ಲ, ಫ್ರಿಜ್ಜಿನಲ್ಲಿ ಕಂಡಷ್ಟೇ. ಲ್ಯಾಪ್‌ಟಾಪಿನಲ್ಲಿ ಒಂದರ ಹಿಂದೆ ಒಂದು ಫೋಟೊ ತೋರಿಸುತ್ತಿದ್ದೆ. ಗೋಡೆ ಬಿರಿದದ್ದು, ವಾಲಿದ್ದು, ನೀರು ಮೇಲೆ ಹಾರಿದ್ದು. ‘ಅಯ್ಯೋ, ದರೆ ಜರಿದ ಹಾಗೇ ಆಯ್ತಲ್ಲಾ’ ಅಂದರು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಮನೆ ಹಿಂದೆ, ರಸ್ತೆ ಪಕ್ಕ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ ಇರುತ್ತದಲ್ಲ, ಅದು ದರೆ. ಮಳೆಗಾಲದಲ್ಲಿ ನೀರು ಕುಡಿದು ಕುಡಿದು ಒಂದು ದಿನ ಒಂದು ಪಾಲು ಹಾಗೇ ಜಾರಿ ಕೂರುತ್ತದೆ. ಅದೇ ಜರಿಯುವುದು. (ಪತ್ರಿಕೆಯವರು ‘ಧರೆ’ ಎಂದು ಮಹಾಪ್ರಾಣ ಕೊಟ್ಟು ಇಡೀ ಭೂಮಿಯನ್ನೇ ಕುಸಿಯಲು ಬಿಡುತ್ತಾರೆ, ಆ ಜಗಳ ಇನ್ನೊಂದು ದಿನಕ್ಕಿರಲಿ.)

ನನಗೆ ಈ ಪದ ಬಹಳ ಹಿಡಿಸಿದೆ. ಹಿಮನದಿಯಲ್ಲಿ ಆಗುವುದೂ ಅದೇ ತಾನೆ. ಬುಡ ಸಡಿಲ ಆಗುವುದು, ಮೇಲೆ ಬಿರುಕು ಬಿಡುವುದು, ತನ್ನ ಭಾರಕ್ಕೆ ತಾನೇ ಇಳಿಯುವುದು. ತೊಂದರೆ ಎಲ್ಲಿ ಅಂದರೆ, ಬಯಲುಸೀಮೆಯವರಿಗೆ ಜರಿ ಅಂದರೆ ಸೀರೆ ಅಂಚು. ಪುಸ್ತಕ ಓದುವವರಿಗೆ ಜರಿಯುವುದು ಅಂದರೆ ಬಯ್ಯುವುದು. ‘ಹಿಮನದಿ ಜರಿಯಿತು’ ಅಂದರೆ ಯಾರನ್ನು ಜರಿಯಿತು ಅಂತ ಕೇಳುವವರು ಇಲ್ಲೇ ಒಬ್ಬಿಬ್ಬರು ಇದ್ದೀರಿ, ಗೊತ್ತು. ಇನ್ನೊಂದು ಕೊರತೆ ನಾನೇ ಹೇಳಿಬಿಡುತ್ತೇನೆ. ದರೆ ಜರಿದರೆ ಮಣ್ಣಿನ ರಾಶಿ ಮಾತ್ರ. ಇಲ್ಲಿ ಜರಿದದ್ದಕ್ಕೆ ತನ್ನದೇ ಒಂದು ಬಾಳು ಶುರುವಾಗುತ್ತದೆ, ಅದು ತೇಲಿಕೊಂಡು ಊರು ಬಿಟ್ಟು ಹೋಗುತ್ತದೆ. ಕರು ಅನ್ನುವ ಮಾತು ಬಂದದ್ದು ಅದಕ್ಕೇ. ಆ ಅರ್ಧ ‘ಜರಿ’ಯಲ್ಲಿ ಬರುವುದಿಲ್ಲ.

ಇದನ್ನು ಫೋಟೊ ಹಿಡಿಯುವುದರ ಬಗ್ಗೆ ಒಂದು ಮಾತು, ಪದಕ್ಕೂ ಇದಕ್ಕೂ ಸಂಬಂಧ ಇದೆ. ರಬ್ಬರ್ ದೋಣಿಯಲ್ಲಿ ದೂರದಲ್ಲೇ ನಿಲ್ಲಿಸುತ್ತಾರೆ, ಬಿದ್ದ ಏಟಿಗೆ ಏಳುವ ಅಲೆ ದೋಣಿ ಮಗುಚಬಹುದು. ಒಂದು ಕಿ.ಮೀ. ದೂರ ಇದ್ದರೆ ಸದ್ದು ಬರಲು ಮೂರು ಸೆಕೆಂಡು ಬೇಕು. ಗುಡುಗಿನಂಥ ಸದ್ದು ಕೇಳಿ ಕ್ಯಾಮರಾ ಎತ್ತಿದರೆ ಆಟ ಮುಗಿದಿರುತ್ತದೆ. ನನ್ನ ಮೊದಲ ಎರಡು ದಿನದ ಫೋಟೊಗಳಲ್ಲಿ ಬರೀ ನೀರಿನ ಉಂಗುರ. ಆಮೇಲೆ ಕಲಿತದ್ದು, ಸದ್ದಿಗೆ ಕಾಯಬಾರದು, ಸಣ್ಣ ಚೂರುಗಳು ಉದುರುವ ಕಡೆ ಕಣ್ಣಿಟ್ಟಿರಬೇಕು. ನಮ್ಮಲ್ಲೂ ದರೆ ಜರಿಯುವ ಮೊದಲು ಮಣ್ಣು ಸಣ್ಣಗೆ ಉದುರುತ್ತದೆ ಅಲ್ವಾ? ಆ ಉದುರಿಗೆ ಚಿಕ್ಕಮ್ಮನ ಹತ್ತಿರವೂ ಬೇರೆ ಪದ ಇರಲಿಲ್ಲ. ನಿಮ್ಮ ಕಡೆ ಇದ್ದರೆ ಹೇಳಿ.

ಎರಡನೆಯ ಪ್ರಶ್ನೆ, ಹಿಮ ಅನ್ನುವ ಪದವೇ. ಹಿಮನದಿ, ಹಿಮಗಡ್ಡೆ, ಹಿಮಬಂಡೆ, ಹಿಮಪಾತ, ಹಿಮಕರಡಿ. ನಲವತ್ತು ಫೋಟೊದಲ್ಲಿ ಮೂವತ್ತೊಂದರ ಕೆಳಗೆ ಹಿಮ ಬಂದಿದೆ, ಎಣಿಸಿದೆ. ನ್ಯೂ ಒಲೆಸುಂಡ್ ಎಂಬಲ್ಲಿ 2008ರಲ್ಲಿ ಶುರುವಾದ ನಮ್ಮ ದೇಶದ ಸಂಶೋಧನಾ ಕೇಂದ್ರವೂ ಹಿಮಾದ್ರಿ! ಮಂಜು ಅನ್ನೋಣವೆಂದರೆ ನಮ್ಮ ಕಡೆ ಅದು ಬೆಳಿಗ್ಗೆ ತೋಟದಲ್ಲಿ ತುಂಬಿಕೊಳ್ಳುವುದು, ಕಲ್ಲಿನ ಹಾಗೆ ಗಟ್ಟಿ ಇರುವುದಲ್ಲ. ಕೆಲವರು ನೀರ್ಗಲ್ಲು ಎಂದು ಬರೆಯುತ್ತಾರೆ. ಪದ ಚೆನ್ನಾಗಿದೆ, ನನಗೆ ಇಷ್ಟ, ಆದರೆ ಶಾಲೆ ಮಕ್ಕಳು ಐಸ್ ಅನ್ನುತ್ತಾರೆ ಮತ್ತು ಕೊನೆಗೆ ನಾನೂ ಐಸ್ ಅಂತಲೇ ಬರೆಯಬಹುದು.

ಒಂದು ಕಡೆ ಮಾತ್ರ ಗೆದ್ದೆ ಅನಿಸುತ್ತದೆ. ಹಿಮನದಿಯ ಮುಂದೆ ನೀರಿನ ಮೇಲೆ ಪುಡಿ ಪುಡಿ ಐಸ್ ಹರಡಿಕೊಂಡಿರುತ್ತದೆ. ಅದಕ್ಕೆ ‘ನುಚ್ಚು’ ಎಂದು ಬರೆದಿದ್ದೇನೆ, ನುಚ್ಚಕ್ಕಿಯ ನುಚ್ಚು. ದೋಣಿ ಅದರ ನಡುವೆ ನಿಂತರೆ ಚಟಪಟ ಸದ್ದು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಎಷ್ಟೋ ವರ್ಷದ ಹಿಂದೆ ಬಿದ್ದ ಹಿಮದ ಜೊತೆ ಒಳಗೆ ಸಿಕ್ಕಿಕೊಂಡ ಗಾಳಿ, ಐಸ್ ಕರಗಿದಾಗ ಒಡೆದು ಹೊರಬರುವ ಸದ್ದು ಅದು. ‘ನುಚ್ಚಿನ ನಡುವೆ’ ಅಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

ಬಣ್ಣವೂ ಹಾಗೇ. ಹಳೆಯ, ಒತ್ತಿ ಒತ್ತಿ ಗಾಳಿ ಎಲ್ಲ ಹಿಂಡಿಹೋದ ಐಸ್ ಬೆಳಕಿನಲ್ಲಿರುವ ಕೆಂಪನ್ನು ನುಂಗಿ ನೀಲಿಯನ್ನು ಬಿಡುತ್ತದೆ. ಎಂಥ ನೀಲಿ? ಆಕಾಶದ್ದಲ್ಲ, ನವಿಲಿನದ್ದಲ್ಲ. ಅಡಿಕೆ ತೋಟದವರಿಗೆ ಒಂದೇ ಮಾತು ಸಾಕು: ಮೈಲುತುತ್ತ. ಕೊಳೆ ಔಷಧಿ ಹೊಡೆಯಲು ಡ್ರಮ್ಮಿನಲ್ಲಿ ಕರಗಿಸಿಟ್ಟ ಮೈಲುತುತ್ತದ ಬಣ್ಣವೇ. ಬೇರೆ ಕಡೆಯವರಿಗೆ ಅರ್ಥ ಆಗದಿದ್ದರೆ ಫೋಟೊ ಹೇಗೂ ಮೇಲೇ ಇದೆ.

ಅಂದ ಹಾಗೆ, ಬರೀ ಬಿಳಿ ತುಂಬಿದ ಫೋಟೊ ಕ್ಯಾಮರಾ ತನ್ನ ಲೆಕ್ಕದಲ್ಲಿ ತೆಗೆದರೆ ಬೂದು ಬೂದಾಗಿ ಬರುತ್ತದೆ. ಎಲ್ಲವನ್ನೂ ನಡುಮಟ್ಟದ ಬೂದಿಗೆ ಎಳೆಯುವುದು ಅದರ ಚಾಳಿ. ನಾವೇ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡಬೇಕು. ಮೊದಲ ದಿನ ಮರೆತಿದ್ದೆ, ಎಲ್ಲ ಮಾಸಲು ಪಂಚೆ. ಅಂಡರ್ ಎಕ್ಸ್‌ಪೋಸ್ ಅನ್ನುವುದಕ್ಕೆ ‘ಮಾಸಲು’ ಅಂದರೆ ಫೋಟೊದವರು ಒಪ್ಪುತ್ತೀರಾ? ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದಾಗ ಲೆನ್ಸಿನ ಮೇಲೆ ನೀರು ಕೂರುವುದಕ್ಕೆ ‘ಲೆನ್ಸ್ ಬೆವರುತ್ತದೆ’ ಎಂದು ಬರೆದಿದ್ದೇನೆ. ಅದರ ಬಗ್ಗೆ ನನಗೆ ಅನುಮಾನ ಇಲ್ಲ.

ಕೊನೆಯದು ಹಕ್ಕಿಗಳ ಹೆಸರು. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಮೊಟ್ಟೆ ಇಡುವ ರಿವರ್ ಟರ್ನ್‌ಗೆ ಹಕ್ಕಿ ನೋಡುವವರು ರೀವ ಅನ್ನುತ್ತಾರೆ. ಅದರ ನೆಂಟ ಅಲ್ಲಿ ಇದೆ, ಆರ್ಕ್ಟಿಕ್ ಟರ್ನ್. ಅದಕ್ಕೆ ‘ಧ್ರುವ ರೀವ’ ಎಂದು ಇಟ್ಟಿದ್ದೇನೆ, ‘ಉತ್ತರದ ರೀವ’ ಅಲ್ಲ. ಯಾಕೆಂದರೆ ಅದು ಅಲ್ಲಿ ಬೇಸಿಗೆ ಮುಗಿಸಿ ದಕ್ಷಿಣ ಧ್ರುವದ ಕಡೆಗೆ ಹಾರಿ ಅಲ್ಲಿಯ ಬೇಸಿಗೆಯನ್ನೂ ನೋಡುತ್ತದೆ. ಗ್ರೀನ್‌ಲ್ಯಾಂಡಿನ ಹಕ್ಕಿಗಳಿಗೆ ಪುಟ್ಟ ಸಾಧನ ಕಟ್ಟಿ ನೋಡಿದಾಗ ವರ್ಷಕ್ಕೆ ಸುಮಾರು 70,000 ಕಿ.ಮೀ. ಹಾರಾಟ ಸಿಕ್ಕಿದೆ. ಎರಡೂ ಧ್ರುವ ಅದರದ್ದೇ. ಗೂಡಿನ ಹತ್ತಿರ ಹೋದರೆ ನೆತ್ತಿಗೆ ಕುಕ್ಕುತ್ತದೆ. ಎತ್ತರದ ಜಾಗಕ್ಕೇ ಕುಕ್ಕುವುದು ಅದರ ರೂಢಿ, ಅದಕ್ಕೆ ಜನ ತಲೆ ಮೇಲೆ ಒಂದು ಕೋಲು ಎತ್ತಿಹಿಡಿದು ನಡೆಯುತ್ತಾರೆ.

ಕಷ್ಟ ಇರುವುದು ಆಕ್ ಜಾತಿಯ ಹಕ್ಕಿಗಳಲ್ಲಿ. ಆಲ್ಕೆಫ್ಯೆಲೆಟ್ ಎಂಬ ಕಡಲ ಬಂಡೆಯಲ್ಲಿ ಬ್ರೂನಿಕ್ ಗಿಲ್ಲಿಮಾಟ್ ಎಂಬ ಹಕ್ಕಿ ಸುಮಾರು 60,000 ಜೋಡಿ ಇವೆ. ಗೂಡಿಲ್ಲ, ಬಂಡೆಯ ಸಜ್ಜಾ ಮೇಲೆ ಒಂದೇ ಒಂದು ಮೊಟ್ಟೆ. ಮರಿಗೆ ಮೂರು ವಾರ ಆಗುತ್ತಲೇ, ರೆಕ್ಕೆ ಇನ್ನೂ ಬಲಿಯದೆ ಇದ್ದರೂ, ಅಲ್ಲಿಂದ ಕೆಳಗೆ ಹಾರುತ್ತದೆ, ಅಪ್ಪ ಜೊತೆಗೆ ಕಡಲಿಗೆ ಹೋಗುತ್ತಾನೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ನೆಟ್ಟಗೆ ನಿಲ್ಲುವ ಭಂಗಿ. ಫೋಟೊ ನೋಡಿದವರೆಲ್ಲ ‘ಓ ಪೆಂಗ್ವಿನ್’ ಅನ್ನುತ್ತಾರೆ. ಪೆಂಗ್ವಿನ್ ಅಲ್ಲಿಲ್ಲ, ಇದು ಹಾರುವ ಹಕ್ಕಿ ಅಂತ ಎಷ್ಟು ಸಲ ಹೇಳಿದೆನೋ. ಆಮೇಲೆ ಗೊತ್ತಾದದ್ದು ತಮಾಷೆ: ಪೆಂಗ್ವಿನ್ ಅನ್ನುವ ಹೆಸರು ಮೊದಲು ಇದ್ದದ್ದೇ ಇದೇ ಆಕ್ ಕುಟುಂಬದ ಹಾರಲಾರದ ಒಂದು ದೊಡ್ಡ ಹಕ್ಕಿಗೆ. 1844ರಲ್ಲಿ ಐಸ್‌ಲ್ಯಾಂಡಿನ ಹತ್ತಿರ ಕೊನೆಯ ಜೋಡಿಯನ್ನು ಕೊಂದರು. ದಕ್ಷಿಣಕ್ಕೆ ಹೋದ ನಾವಿಕರು ಅಲ್ಲಿ ಕಂಡ ಬೇರೆ ಹಕ್ಕಿಗಳಿಗೂ ಅದೇ ಹೆಸರು ಕರೆದಿದ್ದರು, ಅದೇ ಉಳಿಯಿತು. ನಮ್ಮೂರಿನವರದ್ದು ಅರ್ಧ ಸರಿ ಅಂದ ಹಾಗಾಯಿತು!

ಸದ್ಯಕ್ಕೆ ‘ಬಂಡೆಮುಳುಗ’ ಎಂದು ಹಾಕಿದ್ದೇನೆ. ಬಂಡೆ ಮೇಲೆ ಬಾಳು, ನೀರಲ್ಲಿ ಮುಳುಗಿ ಊಟ. ಆದರೆ ಓದಿದರೆ ಬಂಡೆಯೇ ಮುಳುಗಿದ ಹಾಗಿದೆ. ‘ಕಡಲಮುಳುಗ’ ವಾಸಿಯಾ?

ಕುಂದಾಪುರ, ಕಾರವಾರ, ಮಂಗಳೂರು ಕಡೆಯವರಿಗೆ ವಿಶೇಷ ಕೋರಿಕೆ. ಮೀನುಗಾರರು ಕಡಲ ಮೇಲೆ ಕಾಣುವ ಹಕ್ಕಿಗಳನ್ನೆಲ್ಲ ಒಂದೇ ಹೆಸರಿನಲ್ಲಿ ಕರೆಯುತ್ತಾರಾ, ಮುಳುಗುವ ಹಕ್ಕಿಗೆ, ತೇಲುವ ಹಕ್ಕಿಗೆ ಬೇರೆ ಬೇರೆ ಇದೆಯಾ? ಪುಸ್ತಕದ ಹೆಸರು ಬೇಡ, ದೋಣಿಯಲ್ಲಿ ಆಡುವ ಮಾತು ಬೇಕು. ಈಯು, ಜರಿ ಎರಡರಲ್ಲಿ ನಿಮ್ಮ ಮತ ಯಾವುದಕ್ಕೆ ಎಂದೂ ತಿಳಿಸಿ. ಹದಿನೈದನೇ ತಾರೀಕಿಗೆ ಪ್ರಿಂಟಿಗೆ ಕೊಡಬೇಕು. ಅಷ್ಟರೊಳಗೆ ಯಾರೂ ಏನೂ ಹೇಳದಿದ್ದರೆ ಚಿಕ್ಕಮ್ಮನ ಪದವೇ ಗೋಡೆ ಮೇಲೆ ಹೋಗುತ್ತದೆ.